ಒಲೆಯ ಹೊಗೆ ಪೈಪಿಗೆ ಟೋಪಿ ಹಾಕಿಸಿದ್ದೀರಾ?

(ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ)



ಉಳಿತಾಯ, ಸಾಲ, ಬಡ್ಡಿ ಲೆಕ್ಕ ಎಲ್ಲ ಮುಗಿಯಿತು. ಇನ್ನು ಅರ್ಧ ಗಂಟೆ ನಮ್ಮ ಮನೆಯ ಮಾಡಿನ ಕಡೆಗೆ ಕಣ್ಣು ಹಾಯಿಸೋಣ. ಅಡುಗೆಮನೆಯ ಒಲೆಯಿಂದಲೋ ಬಚ್ಚಲ ಒಲೆಯಿಂದಲೋ ಹೊಗೆ ಹೊರಗೆ ಹೋಗಲೆಂದು ಒಂದು ಪೈಪು ಇಟ್ಟಿದ್ದೀರಿ. ಅದರ ತುದಿಯಲ್ಲಿ ಏನಿದೆ? ಮನೆ ಭೇಟಿಗೆ ಹೋದಾಗ ನಾವು ಈ ಪ್ರಶ್ನೆ ಕೇಳಿದರೆ ಹೆಚ್ಚಿನವರು ಅಂಗಳಕ್ಕೆ ಇಳಿದು, ತಲೆ ಎತ್ತಿ ನೋಡಿ ಆಮೇಲೆ ಉತ್ತರ ಹೇಳ್ತಾರೆ. ಕೆಲವು ಕಡೆ ತಗಡಿನ ಟೋಪಿ ಇರ್ತದೆ. ಕೆಲವು ಕಡೆ ಬೋಳು ಪೈಪು. ಇನ್ನು ಕೆಲವು ಕಡೆ ಒಡೆದ ಮಡಕೆ, ಎಣ್ಣೆ ಡಬ್ಬ, ಬಣ್ಣದ ಡಬ್ಬ ಕವಚಿ ಹಾಕಿರ್ತಾರೆ.

ಚಿಮಣಿ ಅಂದರೆ ನಮ್ಮಲ್ಲಿ ಹಿರಿಯರಿಗೆ ಸೀಮೆಎಣ್ಣೆ ಬುಡ್ಡಿ ನೆನಪಾಗ್ತದೆ. ಪೇಟೆಯವರಿಗೆ ಗ್ಯಾಸ್ ಒಲೆಯ ಮೇಲಿನ ಕರೆಂಟಿನ ಯಂತ್ರ. ಅದಕ್ಕಾಗಿ ನಾವು ಇವತ್ತು ಪೈಪು, ಟೋಪಿ ಅಂತಲೇ ಮಾತಾಡ್ತೇವೆ.

“ಗ್ಯಾಸ್ ಬಂದಾಯ್ತಲ್ಲ, ಇನ್ನು ಸೌದೆ ಒಲೆಯ ಮಾತು ಯಾಕೆ?” ಅಂತ ಕೇಳುವವರಿದ್ದಾರೆ. 2016ರಲ್ಲಿ ಉಜ್ವಲ ಯೋಜನೆ ಶುರುವಾದ ಮೇಲೆ ಬಡವರ ಮನೆಗೂ ಸಿಲಿಂಡರ್ ಬಂತು, ಅದು ಒಳ್ಳೆಯದೇ ಆಯ್ತು. ಆದರೆ ಸ್ನಾನದ ನೀರು ಕಾಯಿಸುವ ಹಂಡೆಯ ಒಲೆ ಆರಿದೆಯಾ? ಭತ್ತ ಬೇಯಿಸುವುದು, ದನಗಳಿಗೆ ಹುರುಳಿ ಬೇಯಿಸುವುದು ಯಾವುದರಲ್ಲಿ? ಸಿಲಿಂಡರ್ ಖಾಲಿಯಾಗಿ ಕೈಯಲ್ಲಿ ದುಡ್ಡಿಲ್ಲದ ವಾರ ಏನು ಮಾಡ್ತೀರಿ? ಮಲೆನಾಡಿನಲ್ಲಿ, ಕರಾವಳಿಯಲ್ಲಿ ಸೌದೆ ಒಲೆ ಇನ್ನೂ ಉರಿಯುತ್ತಲೇ ಇದೆ. ಉರಿಯುವಷ್ಟು ದಿನ ಅದರ ಹೊಗೆ ಮನೆಯೊಳಗೆ ತಿರುಗಬಾರದು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ತೀರಿಕೊಂಡರು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಒಲೆಯ ಎದುರು ಕೂರುವವರು ಹೆಂಗಸರು, ಅವರ ಸೊಂಟದಲ್ಲೋ ಮಗ್ಗುಲಲ್ಲೋ ಇರುವವು ಮಕ್ಕಳು. ಹಾಗಾಗಿ ಈ ಲೆಕ್ಕದಲ್ಲಿ ಯಾರು ಹೆಚ್ಚು ಅಂತ ನಾವು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ರಾಜ್ಯದವರಿಗೆ ಇದು ಹೊಸ ವಿಷಯವೂ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು ‘ಅಸ್ತ್ರ’ ಎಂಬ ವಿಭಾಗ ಕಟ್ಟಿದರು. ಹಳ್ಳಿಗೆ ಬೇಕಾದ ವಿಜ್ಞಾನ ಮಾಡುವುದು ಅದರ ಉದ್ದೇಶ. ಅಲ್ಲಿಂದಲೇ ಮೂರು ಪಾತ್ರೆ ಕೂರುವ ‘ಅಸ್ತ್ರ ಒಲೆ’ ಬಂತು. 1980ರ ದಶಕದಲ್ಲಿ ಕೇಂದ್ರ ಸರಕಾರದ ಸುಧಾರಿತ ಒಲೆ ಕಾರ್ಯಕ್ರಮವೂ ಶುರುವಾಗಿ 2002ರವರೆಗೆ ನಡೆಯಿತು. ಎಷ್ಟೋ ಮನೆಗಳಲ್ಲಿ ಒಲೆ ಕಟ್ಟಿಸಿಕೊಟ್ಟರು. ಈಗ ಹೋಗಿ ನೋಡಿದರೆ ಕೆಲವು ಮನೆಗಳಲ್ಲಿ ಪೈಪಿನ ತೂತಿಗೆ ಗೋಣಿ ತುರುಕಿದ್ದಾರೆ. “ಅದು ಸರಿಯಾಗಲಿಲ್ಲ, ಹೊಗೆ ವಾಪಸ್ ಬರ್ತಿತ್ತು” ಅಂತಾರೆ. ಒಲೆ ಸರಿ ಇತ್ತು. ಮಾಡಿನ ಮೇಲೆ ಏನಾಗಿದೆ ಅಂತ ಯಾರೂ ಹತ್ತಿ ನೋಡಲಿಲ್ಲ, ಅಷ್ಟೇ.

ಏನಾಗ್ತದೆ ಅಂತ ನೋಡೋಣ. ಬಿಸಿ ಗಾಳಿ ಹಗುರ. ಅದು ಪೈಪಿನಲ್ಲಿ ಮೇಲೇರುವಾಗ ಒಲೆಯ ಬಾಯಿಂದ ಹೊಸ ಗಾಳಿಯನ್ನು ಎಳೆದುಕೊಳ್ತದೆ. ಈ ಎಳೆತ ಇದ್ದರೆ ಸೌದೆ ಚೆನ್ನಾಗಿ ಉರಿಯುತ್ತದೆ, ಕಣ್ಣು ಉರಿಯುವುದಿಲ್ಲ. ಪೈಪು ಒದ್ದೆಯಾಗಿ ತಣ್ಣಗಾದರೆ ಎಳೆತ ಕಡಿಮೆ. ಬಾಯಿ ಕಟ್ಟಿದರೆ ಎಳೆತವೇ ಇಲ್ಲ.

ಮೊದಲು ಮಳೆಯ ಲೆಕ್ಕ. 4 ಇಂಚಿನ ಬೋಳು ಪೈಪು ಅಂತ ಇಟ್ಟುಕೊಳ್ಳಿ. ಒಂದು ದಿನ 100 ಮಿಲಿಮೀಟರ್ ಮಳೆ ಬಂದರೆ, ಆ ಬಾಯಿಗೆ ನೇರ ಬೀಳುವ ನೀರೇ ಹೆಚ್ಚುಕಡಿಮೆ ಮುಕ್ಕಾಲು ಲೀಟರ್. ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿಲಿಮೀಟರ್ ಮಳೆ ಬಂದರೆ 55 ಲೀಟರ್. ಅಂದರೆ ನಾಲ್ಕೈದು ಕೊಡ ನೀರನ್ನು ನಾವೇ ತಂದು ಒಲೆಯ ಹೊಟ್ಟೆಗೆ ಸುರಿದ ಹಾಗೆ. ಮಣ್ಣಿನ ಒಲೆ ತಡೆದೀತಾ? ಒಳಗಿನ ಮಸಿಗೆ ನೀರು ಸೇರಿದರೆ ಅದು ಕಪ್ಪು ರಾಡಿಯಾಗಿ ಕೆಳಗಿಳಿದು ಗೋಡೆಗೆ ಕರೆ ಹಿಡಿಸ್ತದೆ, ತಗಡಿನ ಪೈಪಾದರೆ ತುಕ್ಕು ತಿನ್ನುತ್ತದೆ. ಮಳೆಗಾಲ ಮುಗಿದ ಮೇಲೆ ಒಲೆಯ ಬುಡ ಕುಸಿದಿದೆ ಅಂತ ಮೇಸ್ತ್ರಿಯನ್ನು ಬೈಯುವ ಮೊದಲು ಒಮ್ಮೆ ಮೇಲೆ ನೋಡಬೇಕು.

ಬೇಸಿಗೆಯ ಕಥೆ ಬೇರೆ. ಬಳಕೆ ಕಡಿಮೆ ಇರುವ ಒಲೆಯ ಪೈಪಿನಲ್ಲಿ ಹಕ್ಕಿ ಕಡ್ಡಿ ತಂದು ತುಂಬ್ತದೆ. ಗಾಳಿಗೆ ತರಗೆಲೆ ಬೀಳ್ತದೆ. ಮೊದಲ ಮಳೆಯ ದಿನ ಹಂಡೆಗೆ ಬೆಂಕಿ ಹಾಕಿದಾಗ ಹೊಗೆಯೆಲ್ಲ ಬಚ್ಚಲಿನೊಳಗೆ. ಕಣ್ಣಿಗೆ ಕಾಣುವ ಹೊಗೆಯಾದರೆ ನಾವು ಹೊರಗೆ ಓಡಿ ಬರ್ತೇವೆ. ಆದರೆ ಕೆಂಡದಿಂದ ಏಳುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಬಾಗಿಲು ಹಾಕಿಕೊಂಡು ಸ್ನಾನ ಮಾಡುವ ಜಾಗದಲ್ಲೇ ಕೆಂಡ ಇದ್ದು, ಪೈಪು ಕಟ್ಟಿದ್ದರೆ ತಲೆ ಸುತ್ತು, ವಾಂತಿ, ಆಮೇಲೆ ಎಚ್ಚರ ತಪ್ಪುವುದು. ಇದನ್ನು ಹೆದರಿಸಲು ಹೇಳ್ತಿಲ್ಲ. ಬಾಣಂತಿಗೆ ನೀರು ಹಾಕುವ ಮನೆಗಳಲ್ಲಿ ಕಿಟಕಿ, ಸಂದಿ ಎಲ್ಲ ಬಟ್ಟೆ ತುರುಕಿ ಮುಚ್ಚುವ ರೂಢಿ ಇದೆ, ಅಲ್ಲಿ ವಿಶೇಷ ಜಾಗ್ರತೆ ಬೇಕು. ಟೋಪಿ ಎಷ್ಟೇ ಚೆನ್ನಾಗಿದ್ದರೂ ಒಳಗೆ ಗಾಳಿ ಬರಲು ದಾರಿ ಇಲ್ಲದಿದ್ದರೆ ಪೈಪು ಏನನ್ನು ಎಳೆಯಬೇಕು?

“ಅದಕ್ಕೇ ನಾವು ಡಬ್ಬ ಕವಚಿದ್ದೇವೆ” ಅನ್ನುವವರಿಗೆ ಒಂದು ಮಾತು. ಬೋಳು ಪೈಪಿಗಿಂತ ಕವಚಿದ ಡಬ್ಬ ಹೆಚ್ಚು ಅಪಾಯ. ಮಳೆ ನಿಲ್ತದೆ ನಿಜ, ಹೊಗೆಯೂ ನಿಲ್ತದೆ. ಲೆಕ್ಕದ ಪ್ರಕಾರ 4 ಇಂಚಿನ ಪೈಪಿಗೆ ಟೋಪಿಯ ಕೆಳಗೆ ಸುತ್ತಲೂ 1 ಇಂಚು ಸಂದಿ ಬಿಟ್ಟರೆ ಪೈಪಿನ ಬಾಯಿಯಷ್ಟೇ ದಾರಿ ಸಿಕ್ಕಿತು. ಆದರೆ ಮಸಿ ಕಟ್ಟಿದಂತೆ ಆ ಸಂದಿ ಸಣ್ಣದಾಗ್ತಾ ಹೋಗ್ತದೆ. ಹಾಗಾಗಿ 3 ಇಂಚಾದರೂ ಬಿಡುವುದು ಒಳ್ಳೆಯದು. ಸಂದಿ ಹೆಚ್ಚಾದರೆ ಇರಚಲು ಹೊಡೆಯುವುದಿಲ್ಲವೇ ಅಂತ ಕೇಳಬಹುದು. ಹೊಡೆಯುತ್ತದೆ. ಅದಕ್ಕೆ ಟೋಪಿಯ ಅಂಚು ಪೈಪಿಗಿಂತ ಸುತ್ತಲೂ ಸಾಕಷ್ಟು ಹೊರಗೆ ಚಾಚಿರಬೇಕು, ನಮ್ಮ ಮಾಡಿನ ಸೂರು ಗೋಡೆಯಿಂದ ಚಾಚಿದ ಹಾಗೆ. ಗಾಳಿ ಯಾವ ದಿಕ್ಕಿನಿಂದ ಹೊಡೆಯುತ್ತದೆ ಅಂತ ನೋಡಿ ಇದನ್ನು ತೀರ್ಮಾನಿಸಬೇಕು. ಇದಕ್ಕೇ ಕೆಲಸ ಗೊತ್ತಿರುವವರು ಬೇಕು ಅಂತ ನಾವು ಒತ್ತಿ ಹೇಳುವುದು.

ಕೆಲಸ ಗೊತ್ತಿರುವವರು ಬಂದರೆ ಟೋಪಿಯನ್ನು ಕೊನೆಗೆ ಮುಟ್ತಾರೆ. ಮೊದಲು ಪೈಪಿನ ಎತ್ತರ ನೋಡ್ತಾರೆ. ಪೈಪಿನ ಬಾಯಿ ಮಾಡಿನ ನೆತ್ತಿಗಿಂತ ತಗ್ಗಿನಲ್ಲಿದ್ದರೆ ನೆತ್ತಿಯ ಮೇಲಿಂದ ಉರುಳಿ ಬರುವ ಗಾಳಿ ಹೊಗೆಯನ್ನು ವಾಪಸ್ ಒತ್ತುತ್ತದೆ, ಆಗ ಯಾವ ಟೋಪಿಯೂ ಪ್ರಯೋಜನಕ್ಕೆ ಬಾರದು. ಪೈಪು ಹೆಂಚಿನ ಮಧ್ಯೆ ಹೊರಬರುವ ಜಾಗದಲ್ಲಿ ತಗಡಿನ ಕಾಲರ್ ಕೂರಿಸ್ತಾರೆ, ಇಲ್ಲದಿದ್ದರೆ ನೀರು ಪೈಪಿನ ಹೊರಮೈ ಹಿಡಿದು ಇಳಿಯುತ್ತದೆ. ಬಿಸಿ ಪೈಪಿಗೆ ರೀಪು, ಪಕಾಸಿ ತಾಗದ ಹಾಗೆ ಅಂತರ ಬಿಡ್ತಾರೆ. ದಿನವೂ ಬಿಸಿ ತಿಂದ ಮರ ಒಂದು ದಿನ ಹೊತ್ತಿಕೊಳ್ಳಬಹುದು. ಕೊನೆಗೆ ಟೋಪಿಯನ್ನು ಮೂರು ಕಾಲಿನ ಮೇಲೆ ನಿಲ್ಲಿಸಿ ಬೋಲ್ಟು ಹಾಕ್ತಾರೆ. ಸಿಮೆಂಟು ಮೆತ್ತಿದರೆ ಕೆಲಸ ಸುಲಭ, ಆದರೆ ಮಸಿ ತೆಗೆಯಲು ಬಿಚ್ಚಲಾಗುವುದಿಲ್ಲ. ಸಿಮೆಂಟು ಮೆತ್ತಲು ಬಂದವರನ್ನು ಅಲ್ಲೇ ತಡೆಯಿರಿ.

ಬಲೆಯ ವಿಷಯ ಕೇಳ್ತೀರಿ. ಸೋಗೆ ಮಾಡಿನವರಿಗೆ, ಪಕ್ಕದಲ್ಲೇ ಹುಲ್ಲಿನ ಬಣವೆ ಇರುವವರಿಗೆ ಕಿಡಿ ಹಾರದಂತೆ ಬಲೆ ಬೇಕು. ಅರ್ಧ ಇಂಚು ಕಣ್ಣಿನ ತಂತಿ ಬಲೆ ಸಾಕು. ಸೊಳ್ಳೆ ಬಲೆಯಂಥ ಸಣ್ಣ ಕಣ್ಣಿನದು ಹಾಕಿದರೆ ಸ್ವಲ್ಪ ದಿನದಲ್ಲೇ ಮಸಿ ಕಟ್ಟಿ ಮುಚ್ಚಿಹೋಗ್ತದೆ. ಬಲೆ ಇದ್ದವರು ಹೆಚ್ಚು ಸಲ ಸ್ವಚ್ಛ ಮಾಡಿಸಬೇಕು, ಅದಕ್ಕೆ ಒಪ್ಪಿಗೆ ಇದ್ದರೆ ಮಾತ್ರ ಹಾಕಿಸಿ.

ಹಳೆಯ ಪೈಪುಗಳಲ್ಲಿ ಬಹಳಷ್ಟು ಆಸ್ಬೆಸ್ಟಾಸ್ ಸಿಮೆಂಟಿನವು. ಅದನ್ನು ಕತ್ತರಿಸುವಾಗ, ಉಜ್ಜುವಾಗ ಏಳುವ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ದಾರಿ. ಒಣ ಪೈಪಿಗೆ ಗರಗಸ ಹಾಕಲು ಬಿಡಬೇಡಿ, ತುಂಡುಗಳನ್ನು ಮಕ್ಕಳ ಕೈಗೆ ಸಿಗುವಂತೆ ಅಂಗಳದಲ್ಲಿ ಎಸೆಯಬೇಡಿ.

ಇನ್ನೊಂದು ಮಾತು ಹಿಂದಿನ ಸಾಲಿನವರಿಗೆ. “ಇದಕ್ಕೆಲ್ಲ ಆಳು ಯಾಕೆ, ನಮ್ಮ ಹುಡುಗ ಹತ್ತಿ ಇಟ್ಟು ಬರ್ತಾನೆ” ಅಂತ ಹೇಳಬೇಡಿ. ಹಾವಸೆ ಹಿಡಿದ ಹೆಂಚು, ಒದ್ದೆ ಕಾಲು, ಪಕ್ಕದಲ್ಲೇ ಕರೆಂಟಿನ ಸರ್ವಿಸ್ ವಯರು. ತಗಡಿನ ಟೋಪಿಯ ಬೆಲೆ ಎಷ್ಟು, ಸೊಂಟ ಮುರಿದರೆ ಆಸ್ಪತ್ರೆಯ ಬಿಲ್ಲು ಎಷ್ಟು, ನೀವೇ ಲೆಕ್ಕ ಹಾಕಿ. ಏಪ್ರಿಲ್, ಮೇ ತಿಂಗಳಲ್ಲಿ ಹೆಂಚು ಒಣಗಿರುವಾಗ, ಹೆಂಚು ಕೈಯಾಡಿಸಲು ಬರುವವರಿಂದಲೇ ಇದನ್ನೂ ಮಾಡಿಸಿದರೆ ಒಂದೇ ಸಂಬಳದಲ್ಲಿ ಎರಡು ಕೆಲಸ ಆಗ್ತದೆ.

ಆದ ಮೇಲೆ ಪರೀಕ್ಷೆ ಮಾಡದೆ ಹಣ ಕೊಡಬೇಡಿ. ಒಲೆಯ ಬಾಯಲ್ಲಿ ಒಂದು ಹಿಡಿ ಒಣಹುಲ್ಲು ಹೊತ್ತಿಸಿ ನೋಡಿ. ಪೈಪು ಬಿಸಿಯಾಗುವವರೆಗೆ ಸ್ವಲ್ಪ ಹೊಗೆ ಈಚೆ ಬರಬಹುದು. ಆಮೇಲೂ ಬರ್ತಾ ಇದ್ದರೆ ಮೇಲೆ ತೊಂದರೆ ಇದೆ ಅಂತಲೇ ಅರ್ಥ. ಗಾಳಿ ಜೋರಾಗಿರುವ ದಿನವೂ ಒಮ್ಮೆ ನೋಡಿ. ಕೂಲಿಯಲ್ಲಿ ಸ್ವಲ್ಪ ಭಾಗ ಮೊದಲ ದೊಡ್ಡ ಮಳೆಯ ನಂತರ ಕೊಡುತ್ತೇವೆ ಅಂತ ಮೊದಲೇ ಮಾತಾಡಿಕೊಳ್ಳುವುದು ಜಾಣತನ. ಒಂಟಿ ಮನೆಯವರು ಕೇಳಿದರೆ ಮೇಸ್ತ್ರಿ ಒಪ್ಪಲಿಕ್ಕಿಲ್ಲ, ಸಂಘದ 10–12 ಮನೆಯವರು ಸೇರಿ ಕೇಳಿದರೆ ಒಪ್ತಾರೆ. ತಗಡಿನ ಕೆಲಸದವರಿಗೂ ಒಟ್ಟಿಗೆ ಆರ್ಡರ್ ಕೊಟ್ಟರೆ ಬೆಲೆ ಇಳಿಯುತ್ತದೆ.

ಮುಂದಿನ ಸಭೆಗೆ ಬರುವಾಗ ಎಲ್ಲರೂ ಒಂದು ನೂಲು ತನ್ನಿ. ಒಲೆ ತಣ್ಣಗಿರುವಾಗ ಅದನ್ನು ಪೈಪಿನ ಹೊರಗೆ ಸುತ್ತಿ, ಸುತ್ತಳತೆಗೆ ಸರಿಯಾಗಿ ಗಂಟು ಹಾಕಿ, ನಿಮ್ಮ ಹೆಸರಿನ ಚೀಟಿ ಕಟ್ಟಿ. ಅಡುಗೆಮನೆಯದು ಒಂದು, ಬಚ್ಚಲಿನದು ಇನ್ನೊಂದು. ಮಾಡು ಹೆಂಚಿನದೋ ಸೋಗೆಯದೋ ಅಂತಲೂ ಚೀಟಿಯಲ್ಲಿ ಬರೆಯಿರಿ. ಅದನ್ನು ಹಿಡಿದುಕೊಂಡು ತಗಡಿನ ಅಂಗಡಿಗೆ ಹೋಗಿ ಬೆಲೆ ಕೇಳಿ ಬರಲು ಸಂಘಕ್ಕೆ ಇಬ್ಬರನ್ನು ಇವತ್ತೇ ಆರಿಸಿಕೊಳ್ಳಿ.