ಮೂರನೇ ಸರ್ವಿಸ್ ಕೈಕೊಟ್ಟಾಗ

ದೀಪಾವಳಿಗೆ ಪುಣೆಯಿಂದ ಊರಿಗೆ ಟಿಕೆಟ್ ಹುಡುಕಿದವರೇ ಇಲ್ಲಿ ಜಾಸ್ತಿ. ನಾನು ಆ ಟಿಕೆಟ್‌ನ ಹಿಂದಿನ ಕೋಡ್ ಬರೆದವನು, ಬೈಬೇಡಿ.

ಬಸ್ ಸೀಟು, ಲಾಡ್ಜ್, ಪೇಮೆಂಟ್ ಮೂರೂ ಸೇರಿದ ಕಾಂಪೋಸಿಟ್ ಸರ್ವಿಸ್ ನಮ್ಮದು. ಪೇಮೆಂಟ್ ಬಿದ್ದರೆ ಮೊದಲೆರಡನ್ನು ರೋಲ್‌ಬ್ಯಾಕ್ ಮಾಡೋಕಾಗಲ್ಲ. ಬೇರೆಯವರ ಡೇಟಾಬೇಸ್‌ನಲ್ಲಿ ಆಗಲೇ ಕಮಿಟ್ ಆಗಿರ್ತವೆ. 1987ರಲ್ಲೇ ಗಾರ್ಸಿಯಾ-ಮೊಲಿನಾ ಮತ್ತು ಸೇಲಂ ಇದಕ್ಕೆ 'ಸಾಗಾ' ಅಂತ ದಾರಿ ತೋರಿಸಿದ್ರು: ಪ್ರತಿ ಹೆಜ್ಜೆಗೂ ಅದನ್ನು ಸರಿದೂಗಿಸೋ ಇನ್ನೊಂದು ಹೆಜ್ಜೆ, ಹಿಂದುಮುಂದಾಗಿ ನಡೆಸೋದು. ಬಿಪೆಲ್‌ನ ಕಾಂಪೆನ್ಸೇಶನ್ ಹ್ಯಾಂಡ್ಲರ್ ಕೂಡ ಇದೇ ಜಾತಿ.

ಆದ್ರೆ ಎಲ್ಲಾ ರದ್ದು ಮಾಡಿದ್ರೆ ಗ್ರಾಹಕ ಊರು ಸೇರಲಿಲ್ಲವಲ್ಲ! ಹಾಗಾಗಿ ಮೊದಲು ಬದಲಿ ಸರ್ವಿಸ್ ಹುಡುಕ್ತೀವಿ. ಓಡಬ್ಲ್ಯೂಎಲ್-ಎಸ್ ವಿವರಣೆಯಲ್ಲಿ ಇನ್‌ಪುಟ್, ಔಟ್‌ಪುಟ್, ಪ್ರೀಕಂಡಿಷನ್, ಎಫೆಕ್ಟ್ ನಾಲ್ಕೂ ಇರ್ತವೆ. ನಾವು ಎಡವಿದ್ದು ಇಲ್ಲೇ. ಇನ್‌ಪುಟ್, ಔಟ್‌ಪುಟ್ ಮಾತ್ರ ಹೋಲಿಸಿದ್ವಿ. ಎರಡೂ ಬಸ್ ಸರ್ವಿಸ್ ದಿನಾಂಕ ತಗೊಂಡು ಸೀಟ್ ನಂಬರ್ ಕೊಡ್ತಿದ್ವು. ಹಳೇದು ಸೀಟನ್ನ ಬರೀ ಹಿಡಿದಿಡ್ತಿತ್ತು. ಬದಲಿ ಬಂದದ್ದು ನೇರವಾಗಿ ಕನ್ಫರ್ಮ್ ಮಾಡಿ ಎಸ್ಸೆಮ್ಮೆಸ್ ಕಳಿಸಿಬಿಡ್ತಿತ್ತು.

ಆ ರಾತ್ರಿ ಪೇಮೆಂಟ್ ಬಿತ್ತು, ಸೀಟು ರದ್ದಾಯ್ತು. ಎಸ್ಸೆಮ್ಮೆಸ್ ರದ್ದಾಗಲಿಲ್ಲ. ಅದನ್ನ ನಂಬಿ ಒಬ್ರು ಎರಡು ಮಕ್ಕಳ ಜೊತೆ ಸ್ಟಾಪಿನಲ್ಲಿ ನಿಂತಿದ್ರು. "ಸರ್, ಬಸ್ಸಲ್ಲಿ ನಮ್ಮ ಹೆಸರೇ ಇಲ್ವಂತೆ" ಅಂತ ಬಂದ ಫೋನ್ ಎತ್ತಿದ್ದು ನಾನೇ.

ಈಗ ಎಫೆಕ್ಟ್ ಹೊಂದದ ಸರ್ವಿಸ್ ಬದಲಿಗೆ ಬರಲ್ಲ. ವಾಪಸ್ ತಗೊಳ್ಳೋಕಾಗದ ಕೆಲಸ ಕೊನೆಗೆ. ಪೇಮೆಂಟ್ ಟೈಮ್‌ಔಟ್ ಆದ್ರೆ ಮೊದಲು ಸ್ಟೇಟಸ್ ಕೇಳ್ತೀವಿ. ಟೈಮ್‌ಔಟ್ ಅಂದ್ರೆ ಆಗಿಲ್ಲ ಅಂತಲ್ಲ, ಗೊತ್ತಿಲ್ಲ ಅಂತ. ಪ್ರಶ್ನೆ ಇದ್ರೆ ಕೇಳಿ.