ಸೂಪಾ ಸೀಮೆಯ ಶಾಲೆಗಳು: ಒಂದು ಎಣಿಕೆಯ ಚರಿತ್ರೆ

(ಉಪನ್ಯಾಸದ ಬರಹರೂಪ)



ಶಾಲಾ ಆಡಳಿತದ ಅನುಕೂಲಕ್ಕಾಗಿ ಉತ್ತರ ಕನ್ನಡವನ್ನು ಎರಡು ಶೈಕ್ಷಣಿಕ ಜಿಲ್ಲೆಗಳಾಗಿ ವಿಂಗಡಿಸಲಾಗಿದೆ. ಕರಾವಳಿಯ ತಾಲೂಕುಗಳು ಕಾರವಾರಕ್ಕೆ ಸೇರಿದರೆ ಘಟ್ಟದ ಮೇಲಿನವು ಶಿರಸಿಗೆ ಸೇರುತ್ತವೆ. ಶಿರಸಿ ಶೈಕ್ಷಣಿಕ ಜಿಲ್ಲೆಯ ವಾಯವ್ಯದ ತುದಿಯಲ್ಲಿ, ಒಂದು ಬದಿಗೆ ಗೋವೆಯನ್ನೂ ಇನ್ನೊಂದು ಬದಿಗೆ ಬೆಳಗಾವಿಯನ್ನೂ ಮುಟ್ಟಿಕೊಂಡಿರುವ ಜೋಯಿಡಾ ತಾಲೂಕಿನ ಶಾಲೆಗಳ ಕಥೆ ಇಂದಿನ ವಿಷಯ. ಹಳಬರು ಈ ತಾಲೂಕನ್ನು ಈಗಲೂ ಸೂಪಾ ಎಂದೇ ಕರೆಯುತ್ತಾರೆ. ಸೂಪಾ ಎಂಬ ಊರು ಮಾತ್ರ ಇಂದು ನೀರಿನ ಅಡಿಯಲ್ಲಿದೆ.

ತಾಲೂಕಿನ ವಿಸ್ತೀರ್ಣ ಸುಮಾರು 1,900 ಚದರ ಕಿಲೋಮೀಟರ್. 2011ರ ಜನಗಣತಿಯಲ್ಲಿ ಇಲ್ಲಿನ ಜನಸಂಖ್ಯೆ ಐವತ್ತು ಸಾವಿರಕ್ಕಿಂತ ತುಸು ಹೆಚ್ಚು. ಅಂದರೆ ಒಂದು ಚದರ ಕಿಲೋಮೀಟರಿಗೆ ಮೂವತ್ತು ಜನರೂ ಇಲ್ಲ. ಅದೇ ವರ್ಷ ಇಡೀ ಕರ್ನಾಟಕದ ಸರಾಸರಿ 319. ಈ ಎರಡು ಅಂಕಿಗಳ ನಡುವಿನ ಅಂತರವೇ ಸೂಪಾ ಸೀಮೆಯ ಶಿಕ್ಷಣದ ಚರಿತ್ರೆಯ ತಿರುಳು ಎಂದರೆ ತಪ್ಪಾಗಲಾರದು.

ಜನರು ಇಷ್ಟು ವಿರಳವಾಗಿ ಏಕೆ ನೆಲೆಸಿದರು ಎಂಬುದಕ್ಕೆ ಉತ್ತರ ಮಣ್ಣಿನಲ್ಲಿಯೂ ಮಳೆಯಲ್ಲಿಯೂ ಇದೆ. ಪಶ್ಚಿಮದ ಅಂಚಿನ ಕ್ಯಾಸಲ್‌ರಾಕಿನಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಪೂರ್ವಕ್ಕೆ ಹಳಿಯಾಳದ ಬಯಲಿಗೆ ಇಳಿಯುವಷ್ಟರಲ್ಲಿ ಅದು ನಾಲ್ಕನೆಯ ಒಂದು ಭಾಗಕ್ಕೆ ಬಂದು ನಿಲ್ಲುತ್ತದೆ. ಗುಡ್ಡದ ಮೇಲೆ ಜಂಬಿಟ್ಟಿಗೆ, ಇಳಿಜಾರಿನಲ್ಲಿ ಕಾಡು, ಎರಡು ಗುಡ್ಡಗಳು ಕೂಡುವ ಕಣಿವೆಯ ತಳದಲ್ಲಿ ಒಂದು ಪಟ್ಟಿ ಗದ್ದೆ. ಆ ಗದ್ದೆ ಎಷ್ಟು ಮನೆಗಳಿಗೆ ಅನ್ನ ಕೊಡಬಲ್ಲದೋ ಅಷ್ಟೇ ಮನೆಗಳು ಅಲ್ಲಿ ನಿಂತವು: ಐದು, ಎಂಟು, ಹೆಚ್ಚೆಂದರೆ ಹದಿನೈದು. ಕುಣಬಿಗಳ ಮಜರೆಗಳು ಹೀಗೆಯೇ ಬೆಳೆದವು. ದನಕರುಗಳ ಹಿಂದೆ ನಡೆದ ಗೌಳಿಗರ ವಾಡಗಳೂ, ಗುಂದ, ನಂದಿಗದ್ದೆಗಳ ಕಡೆಯ ಅಡಿಕೆ ತೋಟಿಗರ ಬಿಡಿಮನೆಗಳೂ ಬೇರೆ ರೀತಿಯಲ್ಲಿ ಬೆಳೆಯಲಿಲ್ಲ. ಹತ್ತು ಮನೆಗಳ ಮಜರೆಯಲ್ಲಿ ಶಾಲೆಗೆ ಹೋಗುವ ವಯಸ್ಸಿನ ಮಕ್ಕಳು ಹತ್ತೋ ಹನ್ನೆರಡೋ ಇದ್ದಾರು. ಆದುದರಿಂದ ಇಲ್ಲಿ ಶಾಲೆ ಚಿಕ್ಕದಾಗಿರುವುದು ಸೊರಗಿದ ಲಕ್ಷಣವಲ್ಲ. ಚೆನ್ನಾಗಿ ನಡೆದ ಕಾಲದಲ್ಲಿಯೂ ಅದು ಚಿಕ್ಕದೇ ಆಗಿರಬೇಕು. ಈ ಸರಳ ಸಂಗತಿಯನ್ನು ಒಪ್ಪಿಕೊಳ್ಳಲು ಸರ್ಕಾರಗಳು ಒಂದೂವರೆ ಶತಮಾನದಿಂದ ತಿಣುಕುತ್ತಿವೆ.

1862ರಲ್ಲಿ ಉತ್ತರ ಕನ್ನಡವು ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ವರ್ಗವಾಯಿತು. ಸೂಪಾ ಮುಂದೆ ಹಳಿಯಾಳಕ್ಕೆ ಸೇರಿದ ಪೇಟಾ ಆಗಿತ್ತು. ಮುಂಬಯಿ ಪ್ರಾಂತದಲ್ಲಿ ಹಳ್ಳಿ ಶಾಲೆಗಳ ಖರ್ಚಿಗೆ ಆಧಾರವಾಗಿದ್ದುದು ಲೋಕಲ್ ಫಂಡ್. ಭೂಕಂದಾಯದ ಪ್ರತಿ ರೂಪಾಯಿಗೆ ಒಂದು ಆಣೆಯ ಉಪಕರ ಎತ್ತಿ, ಅದರ ಮೂರನೆಯ ಒಂದು ಪಾಲನ್ನು ಶಾಲೆಗೂ ಉಳಿದುದನ್ನು ರಸ್ತೆ ಮುಂತಾದ ಕೆಲಸಗಳಿಗೂ ವಿನಿಯೋಗಿಸುವುದು ಪದ್ಧತಿ. 1869ರ ಕಾಯ್ದೆ ಇದಕ್ಕೆ ಕಾನೂನಿನ ಬಲ ಕೊಟ್ಟಿತು. ಬಯಲುಸೀಮೆಗೆ ಇದು ಒಪ್ಪುವ ಏರ್ಪಾಡು. ಹತ್ತಿ, ಜೋಳದ ಹೊಲಗಳಿಂದ ಕಂದಾಯ ಬರುತ್ತಿತ್ತು, ಕಂದಾಯದಿಂದ ಶಾಲೆ ಏಳುತ್ತಿತ್ತು. ಸೂಪಾದಲ್ಲಿ ಕಂದಾಯ ಕೊಡುವ ನೆಲವೇ ಅಲ್ಪ. ಉಳಿದುದು ಕಾಡು. ಕಾಡಿನ ತೇಗ, ಮತ್ತಿ, ನಂದಿಗಳಿಂದ ಬಂದ ಹಣ ಅರಣ್ಯ ಇಲಾಖೆಯ ಖಾತೆಗೆ ಸೇರುತ್ತಿತ್ತು. ಅದರ ಮೇಲೆ ಶಾಲೆಗೆಂದು ಆಣೆ ಎತ್ತುವ ಕ್ರಮವಿರಲಿಲ್ಲ. ಮರಗಳು ಹೋದ ದಾರಿಯಲ್ಲಿ ಪಾಟಿಯೂ ಬಳಪವೂ ಮರಳಿ ಬರಲಿಲ್ಲ.

ಇದೇ ಕಾಲದಲ್ಲಿ ಕುಮರಿ ಬೇಸಾಯಕ್ಕೂ ಕಡಿವಾಣ ಬಿತ್ತು. ಕುಮರಿಯ ದೋಷಗಳ ಬಗೆಗೆ ಇಲ್ಲಿ ವಾದಿಸಬೇಕಾಗಿಲ್ಲ. ಶಾಲೆಯ ದೃಷ್ಟಿಯಿಂದ ಗಮನಿಸಬೇಕಾದುದು ಇಷ್ಟು: ಬೇಸಾಯದ ಜಾಗ ಬದಲಾದಂತೆ ಮನೆಯೂ ಬದಲಾಗುತ್ತಿದ್ದ ಜನರಿಗೆ, ನಾಲ್ಕು ಗೋಡೆಗಳ ಶಾಲೆಯೆಂಬುದು ಒಂದೆಡೆ ನೆಲೆ ನಿಂತ ಮೇಲೆ ಬಂದ ವಸ್ತು. ಅಲ್ಲಿಯ ಮಾತೂ ಬೇರೆ. ಕುಣಬಿ ಮಗುವಿನ ಮನೆಮಾತು ಕೊಂಕಣಿ. ಶಾಲೆಯದು ಕನ್ನಡ, ಬೆಳಗಾವಿ ಗಡಿಯ ಕಡೆಗೆ ಮರಾಠಿ. ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಕಲಿತ ಮಾಸ್ತರರು ಘಟ್ಟದ ಹಾದಿ ಹಿಡಿದು ಬಂದರೆ ಮಗುವೂ ಮಾಸ್ತರರೂ ಪರಸ್ಪರರ ಮಾತು ಕಲಿಯುವುದರಲ್ಲಿಯೇ ಮೊದಲ ಮಳೆಗಾಲ ಕಳೆಯುವಂತಿತ್ತು. ಮುಲ್ಕಿ ಪರೀಕ್ಷೆಯವರೆಗೆ ಹೋಗುವುದು ದೊಡ್ಡ ಮಾತು. ಅದಕ್ಕೆ ಊರು ಬಿಟ್ಟು ಹಳಿಯಾಳವನ್ನೋ ಧಾರವಾಡವನ್ನೋ ಸೇರಬೇಕು.

1956ರಲ್ಲಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಬಂದಿತು. 1961ರ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯ್ದೆಯ ನಂತರದ ದಶಕಗಳಲ್ಲಿ ಏಕೋಪಾಧ್ಯಾಯ ಶಾಲೆಗಳು ಮಜರೆಗಳನ್ನು ಮುಟ್ಟತೊಡಗಿದವು. 1987ರ ಕಪ್ಪುಹಲಗೆ ಕಾರ್ಯಾಚರಣೆಯು ಇಂಥ ಶಾಲೆಗಳಿಗೆ ಎರಡನೆಯ ಕೋಣೆಯನ್ನೂ ಎರಡನೆಯ ಶಿಕ್ಷಕರನ್ನೂ ಕೊಡುವ ಗುರಿ ಇಟ್ಟುಕೊಂಡಿತ್ತು. ಎಷ್ಟೋ ಕಡೆ ಕೋಣೆ ಬಂದಿತು. ಶಿಕ್ಷಕರು ಬಂದು ನಿಂತುದು ಕಡಿಮೆ.

ಶಾಲೆಗಳು ಹೀಗೆ ಹಬ್ಬುತ್ತಿದ್ದಾಗಲೇ ಕಾಳಿ ಯೋಜನೆ ಬಂದಿತು. ಡಿಗ್ಗಿಯ ಕಡೆಯಿಂದ ಹರಿದು ಬರುವ ಕಾಳಿಗೆ ಪಾಂಢರಿ ನದಿ ಕೂಡುವ ಎಡೆಯಲ್ಲಿ ಸೂಪಾ ಊರಿತ್ತು. ತಾಲೂಕಿನ ಕಚೇರಿ, ಸಂತೆ, ಶಾಲೆ ಎಲ್ಲವೂ ಅಲ್ಲಿಯೇ. 101 ಮೀಟರ್ ಎತ್ತರದ ಅಣೆಕಟ್ಟು ಎದ್ದು 1980ರ ದಶಕದ ಮಧ್ಯದಲ್ಲಿ ನೀರು ನಿಂತಾಗ ಸೂಪಾ ಮುಳುಗಿತು. ತಾಲೂಕು ಕೇಂದ್ರ ಜೋಯಿಡಾಕ್ಕೆ ಹೋಯಿತು. ಅನೇಕ ಕುಟುಂಬಗಳು ಬೆಳಗಾವಿ ಗಡಿಯ ರಾಮನಗರದಲ್ಲಿ ನೆಲೆ ಕಂಡವು. 120 ಚದರ ಕಿಲೋಮೀಟರಿಗಿಂತ ಹೆಚ್ಚು ನೆಲವನ್ನು ಹಿನ್ನೀರು ಆವರಿಸಿತು. ಮುಳುಗಿದುದು ಕಣಿವೆಯ ತಳ. ಗದ್ದೆಗಳಿದ್ದುದು ಅಲ್ಲಿ, ಗದ್ದೆಗಳಿದ್ದಲ್ಲಿ ಮನೆಗಳು, ಮನೆಗಳಿದ್ದಲ್ಲಿ ಶಾಲೆ. ಇಷ್ಟು ನೆಲದಲ್ಲಿ ಗುಡ್ಡ ಮುಳುಗಿದ್ದರೆ ಇಷ್ಟು ಊರು ಹೋಗುತ್ತಿರಲಿಲ್ಲ. ಪುನರ್ವಸತಿಯ ಕಾಗದಗಳಲ್ಲಿ ಮುಳುಗಡೆಯಾದ ಮನೆಗೆ ಬೆಲೆ ಇತ್ತು, ಮರಕ್ಕೆ ಬೆಲೆ ಇತ್ತು. ಮುಳುಗದೆ ಉಳಿದ ಊರಿನ ಮಗುವಿಗೆ ನಿನ್ನೆಯವರೆಗೆ ಶಾಲೆಗಿದ್ದ ಕಾಲುದಾರಿ ನೀರಿನಡಿ ಹೋದುದಕ್ಕೆ ಯಾವ ಅಂಕಣವೂ ಇರಲಿಲ್ಲ. ನಕಾಶೆಯಲ್ಲಿ ಎರಡು ಊರುಗಳ ಅಂತರ ಅಷ್ಟೇ ಇದ್ದಿತು. ನಡೆಯುವವರಿಗೆ ಅದು ಬೆಳೆಯಿತು.

ಇನ್ನೊಂದು ಪದರ ಅರಣ್ಯ ರಕ್ಷಣೆಯದು. 1956ರಲ್ಲಿ ದಾಂಡೇಲಿ ಅಭಯಾರಣ್ಯ, 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನ, 2007ರಲ್ಲಿ ಎರಡೂ ಸೇರಿ ಹುಲಿ ಸಂರಕ್ಷಿತ ಪ್ರದೇಶ. 2015ರಲ್ಲಿ ಅದಕ್ಕೆ ಕಾಳಿಯ ಹೆಸರು ಬಂದಿತು. ಹುಲಿ ಬೇಕು, ಕಾಡು ಬೇಕು ಎಂಬುದರಲ್ಲಿ ಈ ಪತ್ರಿಕೆಯ ಓದುಗರಿಗೆ ಎರಡು ಮಾತಿಲ್ಲ. ಆದರೆ ಸ್ಥಳಾಂತರವು ಸ್ವಇಚ್ಛೆಯದು ಎಂದು ಹೇಳುವಾಗ ಆ ಇಚ್ಛೆ ಹೇಗೆ ಹುಟ್ಟಿತೆಂದು ಕೇಳುವುದು ಪರಿಸರ ಚಳವಳಿಯ ಕರ್ತವ್ಯವೇ ಆಗಿದೆ. ಕುಟುಂಬಕ್ಕೆ ಕೊಡುವ ಪರಿಹಾರ 2008ರಲ್ಲಿ ಹತ್ತು ಲಕ್ಷ, 2021ರಲ್ಲಿ ಹದಿನೈದು ಲಕ್ಷ ರೂಪಾಯಿ ಎಂದಾಯಿತು. ರಸ್ತೆ ಇಲ್ಲ, ವಿದ್ಯುತ್ ಇಲ್ಲ, ಕೊನೆಗೆ ಶಾಲೆಗೂ ಬೀಗ ಎಂದಾದ ಮೇಲೆ ತಾಯಿತಂದೆ ಅರ್ಜಿಗೆ ಸಹಿ ಹಾಕಿದರೆ ಅದನ್ನು ಸ್ವಇಚ್ಛೆ ಎನ್ನುವುದು ಭಾಷೆಗೆ ಬಗೆದ ಅಪಚಾರ.

ಶಾಲೆಗೆ ಬೀಗ ಬೀಳುವುದು ಎಣಿಕೆಯಿಂದ. 2011ರಲ್ಲಿ ರಾಜ್ಯ ಸರ್ಕಾರವು ಬೆರಳೆಣಿಕೆಯ ಮಕ್ಕಳಿರುವ ಶಾಲೆಗಳನ್ನು ಹತ್ತಿರದ ಶಾಲೆಗಳಲ್ಲಿ ವಿಲೀನಗೊಳಿಸಲು ಮುಂದಾದಾಗ ನಾಡಿನಾದ್ಯಂತ ವಿರೋಧ ಬಂದಿತು. ಮುಚ್ಚುಗಡೆ ಎಂಬ ಮಾತನ್ನು ಯಾರೂ ಬಳಸಲಿಲ್ಲ, ವಿಲೀನ ಎಂದರು. ವಿಚಿತ್ರವೆಂದರೆ ಆಗಲೇ ಜಾರಿಯಲ್ಲಿದ್ದ ಶಿಕ್ಷಣ ಹಕ್ಕಿನ ಕಾಯ್ದೆ ಬೇರೊಂದು ಮಾತನ್ನು ಹೇಳುತ್ತಿತ್ತು. 2009ರಲ್ಲಿ ಅಂಗೀಕಾರವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಈ ಕಾಯ್ದೆಯ ಅನುಸೂಚಿಯಂತೆ, ಒಂದರಿಂದ ಐದನೆಯ ತರಗತಿಯವರೆಗೆ ಅರವತ್ತರವರೆಗಿನ ಮಕ್ಕಳಿಗೆ ಇಬ್ಬರು ಶಿಕ್ಷಕರು ಇರಬೇಕು. ಎಂಟು ಮಕ್ಕಳಿರುವ ಶಾಲೆಗೂ ಇಬ್ಬರೇ ಎಂದರ್ಥ. ಕೇಂದ್ರದ 2010ರ ನಿಯಮಗಳು ಕಿರಿಯ ಪ್ರಾಥಮಿಕ ಶಾಲೆ ಒಂದು ಕಿಲೋಮೀಟರಿನೊಳಗೆ, ಹಿರಿಯ ಪ್ರಾಥಮಿಕ ಮೂರು ಕಿಲೋಮೀಟರಿನೊಳಗೆ ಇರಬೇಕೆಂದವು. ಅಷ್ಟಕ್ಕೇ ನಿಲ್ಲದೆ, ದುರ್ಗಮ ನೆಲ, ಭೂಕುಸಿತ, ನೆರೆ, ರಸ್ತೆಯ ಅಭಾವಗಳಿರುವಲ್ಲಿ ಈ ಅಂತರವನ್ನು ಇನ್ನೂ ಕಡಿಮೆ ಮಾಡಿ ಶಾಲೆ ಇಡಬೇಕೆಂದೂ ಹೇಳಿದವು. ಮಲೆನಾಡಿನವರು ಓದಿಟ್ಟುಕೊಳ್ಳಬೇಕಾದ ಸಾಲು ಇದು. ಜೂನ್ ತಿಂಗಳಲ್ಲಿ ಹಳ್ಳ ಉಕ್ಕಿ, ಅಡಿಕೆ ದಬ್ಬೆಯ ಕಾಲುಸಂಕ ತೇಲಿಹೋದರೆ ಒಂದು ಕಿಲೋಮೀಟರು ಎಂಬುದು ಅಳತೆಯೇ ಅಲ್ಲ. ಶಾಲಾವರ್ಷವನ್ನು ಮುಂಗಾರಿನ ಬಾಯಿಗೆ ಸರಿಯಾಗಿ ಆರಂಭಿಸುವ ಪಂಚಾಂಗವೂ ಬಯಲಿನಿಂದ ಬಂದದ್ದೇ.

ಚಿಕ್ಕ ಶಾಲೆಯಲ್ಲಿ ಕಲಿಕೆ ಸೊರಗುತ್ತದೆ, ಐದು ತರಗತಿಗಳನ್ನು ಒಬ್ಬರೇ ಹೇಗೆ ಕಲಿಸಿಯಾರು ಎಂಬ ಪ್ರಶ್ನೆ ಹುರುಳಿಲ್ಲದ್ದಲ್ಲ. ಹಾಜರಿ, ಬಿಸಿಯೂಟದ ಲೆಕ್ಕ, ಸಭೆಗಾಗಿ ಜೋಯಿಡಾಕ್ಕೆ ಪಯಣ ಇವುಗಳಲ್ಲಿ ಕಳೆದುಹೋಗುವ ಶಿಕ್ಷಕಿಯನ್ನು ದೂರುವುದು ಅನ್ಯಾಯ. ವರ್ಗಾವಣೆಯ ವಲಯಗಳಲ್ಲಿ ಇಂಥ ಊರುಗಳು ಸಿ ವಲಯ; ಅವಧಿ ಮುಗಿದೊಡನೆ ಹೊರಟವರ ಸ್ಥಾನಕ್ಕೆ ಅತಿಥಿ ಶಿಕ್ಷಕರೇ ಗತಿ. ಆದರೆ ಬಹುವರ್ಗ ಬೋಧನೆಗೆ ಉತ್ತರವನ್ನು ಕರ್ನಾಟಕವೇ ಕಂಡುಕೊಂಡಿತ್ತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ಕೋಣೆಯಲ್ಲಿ, ಕಲಿಕೆಯ ಏಣಿಯ ಬೇರೆ ಬೇರೆ ಮೆಟ್ಟಿಲುಗಳಲ್ಲಿ ಕಾರ್ಡುಗಳನ್ನು ಹಿಡಿದು ಕಲಿಯುತ್ತಾರೆ. ನಾಗರಹೊಳೆ, ಕಬಿನಿಗಳ ಆ ತಾಲೂಕು ಸಹ ಕಾಡಿನಂಚಿನದೇ. 2009-10ರಿಂದ ಈ ಪದ್ಧತಿ ರಾಜ್ಯಕ್ಕೆಲ್ಲ ಹಬ್ಬಿತು. ಚಿಕ್ಕ ಶಾಲೆಗಾಗಿ ರೂಪುಗೊಂಡ ವಿದ್ಯೆಯನ್ನು ಎಲ್ಲೆಡೆಗೂ ಒಯ್ದ ಇಲಾಖೆ, ಅದೇ ಕೈಯಿಂದ ಚಿಕ್ಕ ಶಾಲೆಗಳನ್ನು ಮುಚ್ಚಲು ಹೊರಟಿತು.

ಶಾಲೆ ಹೋದ ಮಜರೆಯ ಮಗು ಹತ್ತು ವರ್ಷ ತುಂಬುವ ಮೊದಲೇ ಹಾಸ್ಟೆಲು ಸೇರುತ್ತದೆ, ಇಲ್ಲವೆ ಮನೆಯವರೇ ಪೇಟೆಯ ಅಂಚಿಗೆ ಬಾಡಿಗೆಗೆ ಇಳಿಯುತ್ತಾರೆ. ಇದರ ಬೆಲೆ ಬೇಸಾಯದಲ್ಲಿ ತೋರುತ್ತದೆ. ಜೋಯಿಡಾದಲ್ಲಿ ಕುಣಬಿ ಸಮುದಾಯದವರು ನಡೆಸುವ ಗೆಡ್ಡೆಗೆಣಸು ಮೇಳವನ್ನು ಕಂಡವರಿಗೆ ಗೊತ್ತು, ಮುಡ್ಲಿ, ಕೋನ, ಸುವರ್ಣಗೆಡ್ಡೆ, ಬಳ್ಳಿಗೆಣಸುಗಳ ಎಷ್ಟು ಬಗೆ ಅಲ್ಲಿ ಸಾಲಾಗಿ ಕೂತಿರುತ್ತವೆ ಎಂಬುದು. ಯಾವ ಗೆಡ್ಡೆಯನ್ನು ಯಾವ ನೆರಳಿನಲ್ಲಿ ನೆಡಬೇಕು, ಹಂದಿ ಮುಟ್ಟದಂತೆ ಎಲ್ಲಿ ನೆಡಬೇಕು, ಬೀಜಕ್ಕೆಂದು ಯಾವುದನ್ನು ಮಣ್ಣಿನಲ್ಲಿಯೇ ಬಿಡಬೇಕು ಎಂಬುದು ಅಜ್ಜಿಯ ಹಿಂದೆ ಹಿತ್ತಿಲಿನಲ್ಲಿ ಓಡಾಡುವ ವಯಸ್ಸಿನಲ್ಲಿ ಬರುವ ವಿದ್ಯೆ. ಮನೆಯಿಂದ ನಡೆದು ಹೋಗಿ ಸಂಜೆ ಮರಳುವ ಶಾಲೆ ಇದ್ದರೆ ಎರಡು ವಿದ್ಯೆಗಳೂ ಒಟ್ಟಿಗೆ ಉಳಿಯುತ್ತವೆ. ಹಾಸ್ಟೆಲಿನಲ್ಲಿ ಅಕ್ಷರ ಬಂದೀತು, ಗೆಡ್ಡೆ ಬಾರದು. ತಳಿಗಳನ್ನು ಉಳಿಸಲು ಶೈತ್ಯಾಗಾರ ಕಟ್ಟುವ ಯೋಜನೆಗಳಿಗೆ ಹೋಲಿಸಿದರೆ ಇಬ್ಬರು ಶಿಕ್ಷಕರ ಸಂಬಳ ದುಬಾರಿಯಲ್ಲ.

ಸಭೆಯಲ್ಲಿರುವ ವಿದ್ಯಾರ್ಥಿಗಳಿಗೆ ಒಂದು ಕೆಲಸವಿದೆ. ಪ್ರತಿ ಸರ್ಕಾರಿ ಶಾಲೆಯಲ್ಲಿಯೂ ದಾಖಲಾತಿ ವಹಿ ಇರುತ್ತದೆ: ಮಗುವಿನ ಹೆಸರು, ಹುಟ್ಟಿದ ದಿನ, ತಂದೆತಾಯಿಯರ ವಿವರ, ಸೇರಿದ ತಾರೀಖು, ಬಿಟ್ಟ ತಾರೀಖು, ಬಿಟ್ಟ ಕಾರಣ. ಹಳೆಯ ಶಾಲೆಗಳಲ್ಲಿ ಈ ವಹಿಗಳು ಹಲವು ದಶಕಗಳಷ್ಟು ಹಿಂದಕ್ಕೆ ಹೋಗುತ್ತವೆ. ಮಜರೆಯೊಂದು ಯಾವ ವರ್ಷ ತುಂಬಿತ್ತು, ಯಾವ ವರ್ಷದಿಂದ ಬರಿದಾಯಿತು ಎಂಬುದನ್ನು ತೋರಿಸಲು ಇದಕ್ಕಿಂತ ನಂಬಿಕಸ್ಥ ದಾಖಲೆ ಹಳ್ಳಿಯಲ್ಲಿ ಇನ್ನೊಂದಿಲ್ಲ. ವಿಲೀನವಾದ ಶಾಲೆಯ ವಹಿ ದೊಡ್ಡ ಶಾಲೆಯ ಕಪಾಟಿಗೆ ಹೋಗಿ ಗೆದ್ದಲಿಗೂ ಥಂಡಿಗೂ ಈಡಾಗುತ್ತದೆ. ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಮೂಲಕ ಕೇಳಿದರೆ ವರ್ಷವಾರು ಸಂಖ್ಯೆ ಸಿಗುತ್ತದೆ. ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಮಕ್ಕಳ ಹೆಸರುಗಳನ್ನು ಬಿಟ್ಟು ವರ್ಷ, ಊರು, ಸಂಖ್ಯೆ, ಬಿಟ್ಟ ಕಾರಣ ಇಷ್ಟನ್ನೇ ಬರೆದುಕೊಂಡರೆ ಸಾಕು. ಮುಂದಿನ ಸಲ ವಿಲೀನದ ಪಟ್ಟಿ ಬಂದಾಗ ಗ್ರಾಮಸಭೆಯ ಮೇಜಿನ ಮೇಲೆ ಇಡಲು ಮಜರೆಯವರ ಕೈಯಲ್ಲೂ ಒಂದು ಎಣಿಕೆ ಇರುತ್ತದೆ. ಮಳೆ ಹಿಡಿಯುವ ಮುನ್ನ, ಮೇ ತಿಂಗಳ ರಜೆಯಲ್ಲಿ ಈ ಕೆಲಸ ಆಗಬೇಕು. ಜುಲೈನಲ್ಲಿ ಡಿಗ್ಗಿಯ ದಾರಿ ಯಾರಿಗೂ ಸುಲಭವಲ್ಲ.