ಬಸುರಿಯ ಬಿ.ಪಿ.: ನರ್ಸಮ್ಮನ ಕೈಗೆ ಬಂದ ವಿದ್ಯೆ



ಕುಂದಗೋಳ ತಾಲೂಕಿನ ಕುಬಿಹಾಳದಂಥ ನಮ್ಮೂರುಗಳಲ್ಲಿ ಬಸುರಿಯ ಮುಖ, ಕೈ ಬಾತರೆ ಹಿರಿಯರು 'ನಂಜು ಆಗೇತಿ' ಎನ್ನುತ್ತಾರೆ. ಬಿ.ಪಿ. ಏರಿ ಫಿಟ್ಸ್‌ವರೆಗೂ ಹೋಗಬಲ್ಲ ಈ ಬಾಧೆ ಬಹಳ ಹಳೆಯದು. ಅದನ್ನು ಮೊದಲೇ ಹಿಡಿಯುವ ವಿದ್ಯೆ ಮಾತ್ರ ಈಚಿನದು.

1843ರಲ್ಲಿ ಲಂಡನ್ನಿನ ವೈದ್ಯ ಜಾನ್ ಲಿವರ್, ಫಿಟ್ಸ್ ಬಂದ ಬಸುರಿಯರ ಮೂತ್ರದಲ್ಲಿ ಪ್ರೋಟೀನ್ ಹೋಗುವುದನ್ನು ಕಂಡರು. 1896ರಲ್ಲಿ ಇಟಲಿಯ ರೀವಾ ರೊಚ್ಚಿ, ತೋಳಿಗೆ ಪಟ್ಟಿ ಕಟ್ಟಿ ರಕ್ತದೊತ್ತಡ ಅಳೆಯುವ ಸಾಧನ ರೂಪಿಸಿದರು. 1905ರಲ್ಲಿ ರಷ್ಯದ ಕೊರೊಟ್ಕಾಫ್ ಆ ಪಟ್ಟಿಯ ಕೆಳಗೆ ಸ್ಟೆತಾಸ್ಕೋಪ್ ಇಟ್ಟು ಸದ್ದು ಕೇಳುವುದನ್ನು ಕಲಿಸಿದರು. ಮೇಲಿನ ಅಂಕಿ, ಕೆಳಗಿನ ಅಂಕಿ ಎರಡೂ ಸಿಕ್ಕವು. ತರಬೇತಾದ ನರ್ಸೂ ಅಪಾಯ ಗುರುತಿಸುವಂತಾಯಿತು.

ಔಷಧದ ದಾರಿ ಇನ್ನೂ ಉದ್ದ. ಮೆಗ್ನೀಸಿಯಂ ಸಲ್ಫೇಟ್ ಚುಚ್ಚುಮದ್ದು ಫಿಟ್ಸ್ ಬರುವ ಸಾಧ್ಯತೆಯನ್ನು ಅರ್ಧಕ್ಕಿಂತ ಹೆಚ್ಚು ತಗ್ಗಿಸುತ್ತದೆಂದು 33 ದೇಶಗಳ 10,000ಕ್ಕೂ ಹೆಚ್ಚು ಹೆಂಗಸರ ಅಧ್ಯಯನ 2002ರಲ್ಲಿ ತೋರಿಸಿತು. 2010ರ ಕೇಂದ್ರ ಸರಕಾರದ ಮಾರ್ಗಸೂಚಿ, ಫಿಟ್ಸ್ ಬಂದಾಗ ಮೊದಲ ಡೋಸ್ 10 ಗ್ರಾಂ ಕೊಟ್ಟು ದೊಡ್ಡಾಸ್ಪತ್ರೆಗೆ ಕಳಿಸುವ ಅಧಿಕಾರವನ್ನು ಉಪಕೇಂದ್ರದ ಆರೋಗ್ಯ ಸಹಾಯಕಿಗೂ ಕೊಟ್ಟಿತು. ನನ್ನ ಮಟ್ಟಿಗೆ ಈ ಚರಿತ್ರೆಯ ದೊಡ್ಡ ಹೆಜ್ಜೆ ಇದೇ.

ಅಧಿಕಾರದ ಜೊತೆ ಅರಿವೂ ಬೇಕು. ಬಸುರಿಯನ್ನು ಐದು ನಿಮಿಷ ಕೂರಿಸಿ, ಬೆನ್ನಿಗೆ ಆಸರೆ ಕೊಟ್ಟು, ತೋಳನ್ನು ಎದೆಮಟ್ಟಕ್ಕೆ ಇಟ್ಟು ಅಳೆಯಬೇಕು. 140/90 ಮುಟ್ಟಿದರೆ ನಾಲ್ಕು ತಾಸಿನ ನಂತರ ಮತ್ತೆ ನೋಡಬೇಕು. 160/110 ಆದರೆ ತಡಮಾಡುವಂತಿಲ್ಲ. ತಲೆಶೂಲೆ, ಕಣ್ಣು ಮಂಜು, ಎದೆಗುಂಡಿಗೆಯ ಕೆಳಗೆ ನೋವು ಇದೆಯೇ ಎಂದು ಕೇಳಬೇಕು. ಮೆಗ್ನೀಸಿಯಂ ಕೊಟ್ಟ ಮೇಲೆ ಉಸಿರು, ಮೊಣಕಾಲಿನ ಪ್ರತಿಕ್ರಿಯೆ, ಮೂತ್ರದ ಪ್ರಮಾಣ ನೋಡುತ್ತಿರಬೇಕು. ಮೆಗ್ನೀಸಿಯಂ ಹೆಚ್ಚಾದರೆ ಕೊಡಲು ಕ್ಯಾಲ್ಸಿಯಂ ಗ್ಲುಕೋನೇಟ್ ಕೈಗೆಟುಕುವಲ್ಲಿರಬೇಕು. ಹೆರಿಗೆಯಾದ ಮೇಲೂ ಫಿಟ್ಸ್ ಬರಬಹುದು, ಹಾಗಾಗಿ ಬಾಣಂತಿಯ ಬಿ.ಪಿ. ನೋಡುವುದನ್ನು ಬಿಡಬಾರದು.

2014ರಿಂದ 2016ರ ನಡುವೆ ನಮ್ಮ ಭಾಗದ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಬೆಳಗಾವಿಯ ಕೆಎಲ್‌ಇ ಸಂಸ್ಥೆಯ ವೈದ್ಯರು ಆಶಾ ಕಾರ್ಯಕರ್ತೆಯರಿಗೂ ನರ್ಸುಗಳಿಗೂ ಈ ಕೆಲಸ ಕಲಿಸಿ ನೋಡಿದರು. ಸಾವುನೋವು ಒಟ್ಟಾರೆ ಇಳಿಯಲಿಲ್ಲ. ಆದರೆ ಪಾಕಿಸ್ತಾನ, ಮೊಜಾಂಬಿಕ್‌ಗಳ ಲೆಕ್ಕವನ್ನೂ ಕೂಡಿಸಿದಾಗ, ಎಂಟು ಅಥವಾ ಹೆಚ್ಚು ಭೇಟಿ ಪಡೆದವರಲ್ಲಿ ತೊಂದರೆ ಕಡಿಮೆ ಕಂಡಿತು. ಮತ್ತೆ ಮತ್ತೆ ನೋಡಿದರಷ್ಟೇ ಈ ವಿದ್ಯೆ ಫಲ ಕೊಡುತ್ತದೆ.

ಇಲ್ಲೇ ನಮ್ಮ ಪದ್ಧತಿಯೊಂದು ಅಡ್ಡ ಬರುತ್ತದೆ. ಈ ಬಾಧೆ ಕಾಣುವುದು 20 ವಾರದ ನಂತರ. ಚೊಚ್ಚಲ ಬಸುರಿಯಲ್ಲಿ ಅಪಾಯ ಹೆಚ್ಚು. ಸರಿಯಾಗಿ ಆಗಲೇ ಕುಬಸ ಮಾಡಿ ಅವಳನ್ನು ತವರಿಗೆ ಕಳಿಸುತ್ತೇವೆ. ಇಲ್ಲಿಯ ನರ್ಸಮ್ಮನ ಕಣ್ಣಿಂದ ದೂರವಾಗಿ, ಅಲ್ಲಿಯವರ ಪಟ್ಟಿಗೂ ಸೇರದೆ ಉಳಿಯುತ್ತಾಳೆ. ಆದ್ದರಿಂದ ಅತ್ತಿಗೆ, ಅತ್ತೆ, ಅವ್ವ ಎಲ್ಲರಿಗೂ ನನ್ನ ಬಿನ್ನಹ: ತಾಯಿ ಕಾರ್ಡ್ ಜೊತೆಗೇ ಕಳಿಸಿರಿ, ತವರಿಗೆ ಹೋದ ವಾರದೊಳಗೆ ಅಲ್ಲಿಯ ನರ್ಸಮ್ಮನಿಗೆ ತೋರಿಸಿ ಬಿ.ಪಿ. ಬರೆಸಿರಿ.